ಹನ್ನೊಂದೂ ಹತ್ತಕ್ಕೆ ಹೋಗುವ ಚಿತ್ರ

ನಮ್ಮ ಯಜಮಾನರ ಹೆಸರು ಗುರುಪಾದಸ್ವಾಮಿ. ಗಂಡನ ಹೆಸರನ್ನು ಬಾಯಲ್ಲಿ ಹೇಳಬಾರದು ಎಂದು ನಮ್ಮತ್ತೆ ಕಲಿಸಿದ್ದರು. ಬರೆಯಬಾರದು ಎಂದು ಕಲಿಸಿರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಮುಳ್ಳೂರಿಗೆ ಬಂದು ಗುರುಪಾದಸ್ವಾಮಿ ಮನೆ ಎಲ್ಲಿ ಎಂದು ಕೇಳಿದರೆ ನಾಲ್ಕು ಮನೆ ತೋರಿಸುತ್ತಾರೆ. ಡಿಶ್ ಗುರುಪಾದ ಎಂದು ಕೇಳಿ, ನೇರವಾಗಿ ನಮ್ಮ ಬಾಗಿಲಿಗೆ ತಂದು ಬಿಡುತ್ತಾರೆ. ನನ್ನ ಹೆಸರು ಪವಿತ್ರ. ನನಗೆ ಬಾಯಿ ಜಾಸ್ತಿ ಎಂದು ಊರವರು ಆಡಿಕೊಳ್ಳುತ್ತಾರೆ. ಜಾಸ್ತಿಯೇ, ಇಲ್ಲ ಅಂದವರು ಯಾರು? ಆ ಬಾಯಿಂದಲೇ ಇಪ್ಪತ್ತೊಂದು ವರ್ಷ ನಮ್ಮ ಮನೆಯ ಒಲೆ ಉರಿದಿದೆ.

ಹೇಗೆಂದರೆ, ಡಿಶ್ ಕೆಲಸಕ್ಕೆ ಇಬ್ಬರು ಬೇಕು. ಒಬ್ಬರು ತಾರಸಿಯ ಮೇಲೆ, ಇನ್ನೊಬ್ಬರು ಟಿವಿಯ ಮುಂದೆ. ಮೇಲಿರುವವರು ತಟ್ಟೆಯನ್ನು ಕೂದಲೆಳೆಯಷ್ಟು ಅತ್ತ ಇತ್ತ ತಿರುಗಿಸುತ್ತ ನಟ್ಟು ಬಿಗಿಯುತ್ತಾರೆ. ಚಿತ್ರ ಬಂತೋ ಇಲ್ಲವೋ ಅವರ ಕಣ್ಣಿಗೆ ಕಾಣುವುದಿಲ್ಲ. ಒಳಗಿರುವವರು ಕೂಗಿ ಹೇಳಬೇಕು.

"ಬಂತಾ?"

"ಇಲ್ಲ."

"ಈಗ?"

"ಬತ್ತಾ ಅದೆ, ಬತ್ತಾ ಅದೆ... ಓಯ್ತು. ವಸಿ ಹಿಂದಕ್ ತಿರುಗ್ಸಿ."

"ಈಗ್ಲಾದ್ರೂ ಬಂತಾ?"

"ಬಂತು. ಅಲ್ಲೇ ಬುಡಿ, ಅಳ್ಳಾಡಿಸ್ಬ್ಯಾಡಿ."

ಒಳಗಿನ ಈ 'ಬಂತು' ಕೇಳಿದ ಮೇಲೆಯೇ ಅವರು ಸ್ಪ್ಯಾನರ್ ಚೀಲಕ್ಕೆ ಹಾಕುವುದು. ಸಿಗ್ನಲ್ ಅಳೆಯುವ, ಕುಂಯ್ ಎನ್ನುವ ಪುಟ್ಟ ಮೀಟರ್ ಒಂದನ್ನು ಇಟ್ಟುಕೊಂಡಿದ್ದಾರೆ. ಆದರೂ ಅದರ ಕುಂಯ್‌ಗಿಂತ ನನ್ನ ಕೂಗಿನ ಮೇಲೇ ಅವರಿಗೆ ನಂಬಿಕೆ. ಮದುವೆ ಆಗಿದ್ದೂ ಹಾಗೆಯೇ. ನನ್ನ ತವರು ಹನೂರು. ಆಗೆಲ್ಲ ಕಬ್ಬಿಣದ ಪೈಪಿನ ತುದಿಗೆ ಕಡ್ಡಿ ಆಂಟೆನಾ ಕಟ್ಟುವ ಕಾಲ. ಯಳಂದೂರಿನಲ್ಲಿ ಗೋವಿಂದಯ್ಯನವರು ಎಂದು ಟಿವಿ ರಿಪೇರಿಯವರು ಇದ್ದರು, ಈಗಲೂ ಇದ್ದಾರೆ. ಎಸ್ಸೆಸ್ಸೆಲ್ಸಿ ಫೇಲಾಗಿ ಅಪ್ಪನ ರೇಷ್ಮೆ ಸಾಕಣೆಗೂ ಕೈ ಕೊಟ್ಟ ನಮ್ಮ ಯಜಮಾನರು ಅವರ ಅಂಗಡಿಯಲ್ಲೇ ಕೆಲಸ ಕಲಿತದ್ದು. ಗೋವಿಂದಯ್ಯ ನಮ್ಮ ಮನೆಗೆ ಇವರನ್ನು ಕಳಿಸಿದ್ದರು. ನಮ್ಮಪ್ಪ ನನ್ನನ್ನು ಟಿವಿ ಮುಂದೆ ಕೂರಿಸಿ, "ಕೂಗು" ಎಂದರು. ಕೂಗಿದೆ. ಹೆಣ್ಣು ನೋಡುವ ಶಾಸ್ತ್ರಕ್ಕೆ ಬಂದಾಗ ಇವರು ನನ್ನ ಮುಖವನ್ನೇನೂ ಅಷ್ಟು ನೋಡಲಿಲ್ಲ. "ದನಿ ಚೆನ್ನಾಗದೆ, ಮೇಲ್ಗಂಟ ಕೇಳ್ತದೆ," ಎಂದು ಅವರಮ್ಮನಿಗೆ ಹೇಳಿದರಂತೆ. ಇದನ್ನು ಹೇಳಿ ಹೇಳಿ ನಾನು ಅವರನ್ನು ಎಷ್ಟು ಗೋಳು ಹುಯ್ದುಕೊಂಡಿದ್ದೇನೋ ಲೆಕ್ಕವಿಲ್ಲ.

ಆಂಟೆನಾ ಹೋಗಿ ಡಿಶ್ ಬಂತು. ನಮ್ಮದು ತಿಂಗಳ ಬಾಡಿಗೆ ಇಲ್ಲದ ಫ್ರೀ ಡಿಶ್. ಕೊಳ್ಳೇಗಾಲದ ಸುತ್ತ, ಹನೂರಿನ ಕಡೆ, ಯಳಂದೂರಿನ ಕಡೆ, ಕೊನೆಗೆ ಬಿಳಿಗಿರಿರಂಗನ ಬೆಟ್ಟದ ಕಾಡೊಳಗಿನ ಹಾಡಿಗಳಾದ ಪೋಡುಗಳವರೆಗೆ ಇವರು ಕೂರಿಸಿದ ತಟ್ಟೆಗಳಿವೆ. ಚಿತ್ರ ಹೋಗುವುದಕ್ಕೆ ನೂರು ಕಾರಣ. ವೈರಿನ ತುದಿಯ ಪಿನ್ನಿನೊಳಗೆ ಮಳೆನೀರು ಇಳಿದು ಹಸಿರು ಕಿಲುಬು ಹಿಡಿಯುತ್ತದೆ. ಇಲಿ ವೈರು ಕಡಿಯುತ್ತದೆ. ಬೆಟ್ಟದಲ್ಲಾದರೆ ಕೋತಿ ತಟ್ಟೆ ಹಿಡಿದು ಜೋಲಾಡುತ್ತದೆ. ಹೋದ ವರ್ಷ ಇಲ್ಲದ ತೆಂಗಿನ ಗರಿ ಈ ವರ್ಷ ಅಡ್ಡ ಬಂದಿರುತ್ತದೆ. ಇವರು ಒಂದೊಂದನ್ನೂ ತಾಳ್ಮೆಯಿಂದ ನೋಡುತ್ತ ಬರುತ್ತಾರೆ. ನನಗೆ ಆ ತಾಳ್ಮೆ ಇಲ್ಲ. ನಾನಾಗಿದ್ದರೆ ಡಿಶ್ಶಿಗೆ ಒಂದು ಒದ್ದು ಇಳಿದು ಬರುತ್ತಿದ್ದೆ.

ಈ ಕೆಲಸದಲ್ಲಿ ಮುಖ್ಯವಾದದ್ದು ಸ್ಪ್ಯಾನರ್ ಅಲ್ಲ. ಮನೆಯೊಳಗೆ ಬಿಟ್ಟುಕೊಳ್ಳಬೇಕು, ಅದು ಮುಖ್ಯ. ನಾವು ಹೋಗುವ ಹೊತ್ತಿಗೆ ಗಂಡಸರು ಹೊಲದಲ್ಲಿರುತ್ತಾರೆ. ಟಿವಿ ಇರುವುದು ನಡುಮನೆಯಲ್ಲಿ, ಪಕ್ಕದಲ್ಲೇ ದೇವರ ಕೋಣೆ, ಬೀರು. ಗುರುಪಾದ ಬಂದ ಎಂದರೆ ಯಾವ ಅತ್ತೆಯೂ ಸೊಸೆಯನ್ನು ಒಳಕೋಣೆಗೆ ಕಳಿಸುತ್ತಿರಲಿಲ್ಲ, ಅಷ್ಟು ನಂಬಿಕೆ. ಇವನು ಮೋಸಗಾರ ಎಂಬ ಒಂದು ಮಾತು ಎದ್ದರೆ ಸಾಕು, ಇಷ್ಟು ವರ್ಷದ ಬಾಗಿಲುಗಳೆಲ್ಲ ಮುಚ್ಚಿಕೊಳ್ಳುತ್ತವೆ. ಆ ಮಾತು ಎದ್ದೇ ಬಿಟ್ಟಿತು.

ಹೋದ ವರ್ಷದ ಮಾರ್ಚಿನಲ್ಲಿ ಶುರುವಾದದ್ದು. ಊರ ಯಜಮಾನರಾದ ಕೆಂಪನಂಜಪ್ಪನವರ ತಾಯಿ ಚನ್ನಾಜಮ್ಮನವರಿಗೆ ಎಂಬತ್ತೆರಡು ವರ್ಷ. ಹನ್ನೊಂದು ಗಂಟೆಗೆ ವಚನದ ಕಾರ್ಯಕ್ರಮ ಒಂದು ಬರುತ್ತದೆ, ಅದನ್ನು ನೋಡಿಯೇ ಅವರು ಊಟಕ್ಕೆ ಏಳುವುದು. ಹನ್ನೊಂದೂ ಹತ್ತಕ್ಕೆ ಸರಿಯಾಗಿ ಚಿತ್ರ ಚೂರು ಚೂರಾಗಿ, ದನಿ ತೊದಲಿ, ಆಮೇಲೆ ಕಪ್ಪಾಗುತ್ತಿತ್ತು. ಏಳೆಂಟು ನಿಮಿಷ ಅಷ್ಟೇ. ಮತ್ತೆ ಬರುತ್ತಿತ್ತು. ಮಳೆಯಿಲ್ಲ, ಗಾಳಿಯಿಲ್ಲ, ಬೋರಲು ಹಾಕಿದ ಬಾಣಲೆಯ ಹಾಗೆ ಆಕಾಶ. ಇವರು ಹೋಗಿ ವೈರು ನೋಡಿದರು, ಪಿನ್ನು ನೋಡಿದರು, ನಮ್ಮ ಮನೆಯ ಬಾಕ್ಸ್ ಒಯ್ದು ಹಾಕಿ ನೋಡಿದರು. ಕೊನೆಗೆ, "ಎಲ್‌ಎನ್‌ಬಿ ಓಗ್ಬುಟ್ಟದೆ ಕಣವ್ವ," ಎಂದರು. ಎಲ್‌ಎನ್‌ಬಿ ಎಂದರೆ ತಟ್ಟೆಯ ಮುಂದೆ ಕಡ್ಡಿಯ ತುದಿಯಲ್ಲಿ ಕೂರುವ ಮೂತಿ. ಹೊಸದು ಹಾಕಿದರು. ಮಾರನೆಯ ದಿನವೂ ಹೋಯಿತು, ಪಿನ್ನನ್ನೂ ಬದಲಾಯಿಸಿದರು. ಅದರ ಮಾರನೆಯ ದಿನ ಹೋಗಲಿಲ್ಲ, ಆಮೇಲೆಯೂ ಹೋಗಲಿಲ್ಲ. ಚನ್ನಾಜಮ್ಮ ಇವರ ತಲೆ ಮೇಲೆ ಕೈಯಿಟ್ಟು, "ನಿನ್ ಕೈಗುಣ ಚೆಂದಾಗದೆ ಮಗ," ಎಂದರು. ಆ ವಾರ ಅದೇ ದೂರು ಹೇಳಿದ ಮನೆಗಳಿಗೆಲ್ಲ ಇವರು ಅದೇ ಮದ್ದು ಮಾಡಿದರು. ಎಲ್ಲ ಕಡೆಯೂ ಸರಿಹೋಯಿತು.

ಆಗ ಇವರು ಹೇಗೆ ಅರಳಿಕೊಂಡರು ಗೊತ್ತೆ? ಎರಡು ಮೂರು ವರ್ಷದಿಂದ ಕೆಲಸ ಕಡಿಮೆಯಾಗಿತ್ತು. ಜನ ಎಲ್ಲ ಫೋನಿನಲ್ಲೇ ನೋಡುತ್ತಾರೆ. ಹೊತ್ತು ಹೋಗದೆ ಜಗಲಿಯ ಮೇಲೆ ಮಂಕಾಗಿ ಕೂರುತ್ತಿದ್ದವರು, ಆ ಮಾರ್ಚ್ ಆದ ಮೇಲೆ ಬೈಕ್ ತೊಳೆದು, ಅಂಗಿಗೆ ಇಸ್ತ್ರಿ ಹಾಕಿಸಿಕೊಂಡು ಓಡಾಡಿದರು. ಅದನ್ನು ನೋಡಿ ನನಗೂ ಹಿತವಾಗಿತ್ತು.

ದಸರಾ ಹೊತ್ತಿಗೆ ಅದೇ ರೋಗ ಮರುಕಳಿಸಿತು. ಈ ಸಲ ಹನ್ನೊಂದಕ್ಕೆ ಐದು ನಿಮಿಷ ಇರುವಾಗಲೇ. ಮತ್ತೆ ಚನ್ನಾಜಮ್ಮನವರ ಮನೆ. ಇವರು ಹೊಸ ಎಲ್‌ಎನ್‌ಬಿ ಹಿಡಿದು ಏಣಿ ಹತ್ತಿದರು. ನಾನು ಒಳಗೆ ಕಪ್ಪು ಪರದೆಯ ಮುಂದೆ ನಿಂತೆ. ಅಜ್ಜಿ ನಮಗೆ ಮಜ್ಜಿಗೆ ತರಲು ಅಡುಗೆಮನೆಗೆ ಹೋದರು. ಮೇಲೆ ಇವರು ಚೀಲ ಇಳಿಸಿದ ಸದ್ದು ಕೇಳಿಸಿತು. ಇನ್ನೂ ಸ್ಪ್ಯಾನರ್ ತೆಗೆದಿಲ್ಲ, ನಟ್ಟು ಮುಟ್ಟಿಲ್ಲ. ಅಷ್ಟರಲ್ಲಿ ಪರದೆಯ ಮೇಲೆ ಚಿತ್ರ ತಾನಾಗಿ ಬಂದು ನಿಂತಿತು. ದನಿಯೂ ಸ್ಪಷ್ಟ.

ನಾನು ಬಾಯಿ ತೆಗೆದೆ. ಕೂಗಲಿಲ್ಲ. ಮೇಲೆ ಸ್ಪ್ಯಾನರ್ ತಿರುಗಿತು, ಚಿತ್ರ ಹೋಯಿತು, ಹೊಸ ಮೂತಿ ಕೂತಿತು. "ಬಂತಾ?" ಎಂದು ಕೇಳಿದರು. "ಬಂತು," ಎಂದೆ. ಅದೇನೂ ಸುಳ್ಳಲ್ಲ, ಬಂದೇ ಇತ್ತು. ಆದರೆ ಅದು ಅವರಿಂದ ಬಂದದ್ದಲ್ಲ ಎಂದು ನನಗೆ ಗೊತ್ತಿತ್ತು. ಅದೇ ವಾರ ಇನ್ನೊಂದು ಮನೆಯಲ್ಲೂ ಹಾಗೇ ಆಯಿತು. ಅಲ್ಲಿಯೂ ಸುಮ್ಮನಿದ್ದೆ. ಊರಿಗೆಲ್ಲ ಬಾಯಿ ಮಾಡುವವಳು ಹೇಳಲೇಬೇಕಾದ ಒಂದು ಮಾತನ್ನು ನುಂಗಿಕೊಂಡೆ. ಯಾಕೆ ಎಂದರೆ ಇಸ್ತ್ರಿ ಅಂಗಿ ಹಾಕಿಕೊಂಡ ಆ ಮನುಷ್ಯ ಮತ್ತೆ ಜಗಲಿಯ ಮೇಲೆ ಮಂಕಾಗಿ ಕೂರುವುದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ. ಇದು ನೆಪ ಎಂದು ನೀವು ಅಂದರೆ ಅನ್ನಿ.

ಈ ಮಾರ್ಚ್ ಬಂತು. ಯುಗಾದಿಗೆ ಒಂದು ವಾರ ಇರುವಾಗ ಹನ್ನೊಂದೂ ಹತ್ತಕ್ಕೆ ಮತ್ತೆ ಚಿತ್ರ ಹೋಯಿತು. ಫೋನ್ ಮೇಲೆ ಫೋನ್. ಇವರು ಗಾಬರಿಯಾದರು. ಹೊಸದಾಗಿ ಹಾಕಿದ್ದೂ ಆರು ತಿಂಗಳಿಗೆ ಹೋಗುವುದೆಂದರೇನು ಎಂದು ಮೀಟರ್ ಹಿಡಿದು ಮನೆ ಮನೆಯ ತಾರಸಿ ಹತ್ತಿದರು. ಅದೇ ತಪ್ಪಾಯಿತು. ಇವರು ಮೀಟರ್ ಹಿಡಿದು ಒಂದು ತಾರಸಿಯ ಮೇಲೆ ನಿಂತಿರುವಾಗಲೇ ಸುತ್ತಲಿನ ಹತ್ತು ಮನೆಯಲ್ಲಿ ಚಿತ್ರ ಹೋಯಿತು. ಅದನ್ನು ನೋಡಿದವರೊಬ್ಬರು ಹೋಗಿ ಕೆಂಪನಂಜಪ್ಪನವರಿಗೆ ಹೇಳಿದರು.

ಗುರುವಾರ ಕೆಂಪನಂಜಪ್ಪ ನಮ್ಮ ಬಾಗಿಲಿಗೇ ಬಂದರು. ಕೂತುಕೊಳ್ಳಿ ಎಂದರೂ ಕೂರಲಿಲ್ಲ.

"ಲೇ ಗುರುಪಾದ, ನಾನೊಂದ್ ಕೇಳ್ತೀನಿ, ನೇರವಾಗಿ ಏಳು. ವರ್ಸಕ್ಕೆ ಎರಡ್ ಸಲ, ಒಂದೇ ಹೊತ್ಗೆ ಓಯ್ತದೆ. ನೀನು ಬಂದು ಹೊಸ್ದು ಆಕುದ್ಮೇಲೆ ಬತ್ತದೆ. ಆ ಕುಂಯ್ ಅನ್ನೋ ಮಿಸಿನ್ನಲ್ಲಿ ನೀನೇ ಕಟ್ ಮಾಡ್ತಾ ಇದ್ದೀಯ?"

"ಅಣ್ಣ, ಅದು ಅಳೆಯೋದು ಕಣಣ್ಣ. ಅದ್ರಲ್ಲಿ ಕಟ್ ಮಾಡಕಾಗಲ್ಲ."

"ನಂಗೇನ್ ಗೊತ್ತು ಅದು ಏನ್ ಮಾಡ್ತದೆ ಅಂತ. ನಮ್ಮವ್ವ ನಿನ್ನ ಮಗ ಮಗ ಅಂತಾಳೆ. ಅದ್ಕೇ ಪೋಲೀಸು ಗೀಲೀಸು ಅನ್ನಲ್ಲ. ಬರೋ ಸೋಮಾರ ಮಾದಪ್ಪನ ಗುಡಿ ಮುಂದೆ ಬಾ. ಗಂಡ ಎಂಡ್ತಿ ಇಬ್ರೂ ಬನ್ನಿ."

ಗಂಡ ಹೆಂಡತಿ ಇಬ್ಬರೂ ಎಂದದ್ದು ನಮ್ಮ ಊರಿನ ಪದ್ಧತಿ. ಮಾದಪ್ಪನ ಮುಂದೆ ಆಣೆ ಮಾಡುವವರು ಉರಿಯುವ ಕರ್ಪೂರವನ್ನು ಅಂಗೈಯಲ್ಲಿ ಆರಿಸಬೇಕು. ಮದುವೆಯಾದವನಾದರೆ ಹೆಂಡತಿ ಅವನ ಬಲಗೈಯನ್ನು ಮುಟ್ಟಿಕೊಂಡಿರಬೇಕು, ಧಾರೆ ಎರೆಯುವಾಗ ಮುಟ್ಟುವ ಹಾಗೆ. ಆಣೆ ಒಬ್ಬನದಲ್ಲ, ಮನೆಯದು. ಸುಳ್ಳಾದರೆ ಅದು ಮಕ್ಕಳ ಮೇಲೆ ಬರುತ್ತದೆ ಎಂದು ಚಿಕ್ಕಂದಿನಿಂದ ಕೇಳಿಕೊಂಡೇ ಬೆಳೆದವಳು ನಾನು. ನಮಗಿರುವುದು ಒಬ್ಬಳೇ ಮಗಳು ಮಧುಶ್ರೀ, ಕೊಳ್ಳೇಗಾಲದಲ್ಲಿ ನರ್ಸಿಂಗ್ ಓದುತ್ತಿದ್ದಾಳೆ. ಕೆಂಪನಂಜಪ್ಪ ಹೋದ ಮೇಲೆ ನಾನು ಹೊಸ್ತಿಲ ಮೇಲೇ ಕೂತುಬಿಟ್ಟೆ. ಇವರು ಮಾತ್ರ, "ನಾವೇನ್ ಮಾಡಿದ್ವಿ ಎದ್ರಕೆ? ಆರಿಸ್ಬುಡನ," ಎಂದರು.

ಆರಿಸಿಬಿಡೋಣವಂತೆ. ನನಗೆ ಅಲ್ಲೇ ಹೇಳಿಬಿಡಬೇಕೆನಿಸಿತು. ಅವರ ಮುಖ ನೋಡಿದೆ. ಅನ್ನ ಬಡಿಸಲು ಒಳಗೆ ಹೋದೆ.

ಶುಕ್ರವಾರ ಇಬ್ಬರೂ ಯಳಂದೂರಿಗೆ ಹೋದೆವು. ಗೋವಿಂದಯ್ಯನವರಿಗೆ ವಯಸ್ಸಾಗಿದೆ, ಅಂಗಡಿಯಲ್ಲಿ ಈಗ ಮಿಕ್ಸಿ ರಿಪೇರಿಯೇ ಜಾಸ್ತಿ. ಇವರು ಎಲ್ಲವನ್ನೂ ಹೇಳಿಕೊಂಡರು. ಮುದುಕ ಕನ್ನಡಕ ಒರೆಸಿಕೊಳ್ಳುತ್ತ ನಕ್ಕರು.

"ಅದು ಇಲ್ಲೂ ಓಯ್ತದೆ ಕಣ್ಲಾ. ಪ್ರತಿ ವರ್ಸ ಓಯ್ತದೆ. ಎಂಟ್ ದಿನ ತಡುದ್ರೆ ತಾನೇ ಸರಿಯಾಯ್ತದೆ."

"ಯಾಕೆ ಸಾ ಅಂಗಾಯ್ತದೆ?"

"ಯಾಕೆ ಅಂತ ನಾನು ನೋಡ್ನಿಲ್ಲ. ಏನೋ ಒಂದು ಬದಲಾಯ್ಸು, ನೀನೇ ಸರಿ ಮಾಡ್ದೆ ಅಂತ ಜನ ಅನ್ಕತಾರೆ. ಅನ್ಕಳ್ಳಿ ಬುಡು."

ಇವರು ನಗಲಿಲ್ಲ. "ನಾನೂ ಅಂಗೇ ಅನ್ಕಂಡಿದ್ದೆ ಸಾ, ನಾನೇ ಸರಿ ಮಾಡ್ದೆ ಅಂತ," ಎಂದರು.  ದಾರಿಯುದ್ದಕ್ಕೂ ನಾನು ಬೈಕಿನ ಹಿಂದೆ ಕೂತು ಅವರ ಬೆನ್ನು ನೋಡುತ್ತಿದ್ದೆ.

ಶನಿವಾರ ಹತ್ತು ಗಂಟೆಗೇ ನಮ್ಮ ತಾರಸಿ ಹತ್ತಿ, ನಮ್ಮ ಡಿಶ್ಶಿನ ಪಕ್ಕ ಒಂದು ಗೋಣಿತಾಟು ಹಾಸಿಕೊಂಡು ಕೂತರು. "ಏನೂ ಮುಟ್ಟಲ್ಲ. ಓದಾಗ ಕೂಗು, ಬಂದಾಗ ಕೂಗು. ನಾನು ನೋಡ್ತಾ ಇರ್ತೀನಿ," ಎಂದರು. ಹನ್ನೊಂದೂ ಹತ್ತಕ್ಕೆ ಚಿತ್ರ ಒಡೆಯಿತು. "ಓಯ್ತು," ಎಂದು ಕೂಗಿದೆ. ಮೇಲಿಂದ ಸದ್ದಿಲ್ಲ. ಎಂಟು ನಿಮಿಷ ಬಿಟ್ಟು, "ಬಂತು," ಎಂದು ಕೂಗಿದೆ. ಆಗಲೂ ಸದ್ದಿಲ್ಲ. ಬಿಸಿಲಿಗೆ ತಲೆಸುತ್ತಿ ಬಿದ್ದರೋ ಎಂದು ಏಣಿ ಹತ್ತಿ ನೋಡಿದರೆ, ಎಲ್‌ಎನ್‌ಬಿಯ ಮೂತಿಯ ಮೇಲೆ ಬೆರಳಿಟ್ಟುಕೊಂಡು ನಿಂತಿದ್ದಾರೆ.

"ಪವಿತ್ರ, ಮುಟ್ಟು ಇದ."

ಮುಟ್ಟಿದೆ. ಕಾವಲಿಯ ಅಂಚು ಮುಟ್ಟಿದ ಹಾಗೆ ಚುರ್ ಎಂದಿತು.

"ಹತ್ತು ಗಂಟೇಲಿ ಇಷ್ಟು ಕಾದಿರ್ನಿಲ್ಲ. ತಟ್ಟೆ ಮೇಲೆ ಬಿದ್ದ ಬಿಸ್ಲು ಜರುಗ್ತಾ ಜರುಗ್ತಾ ಬಂದು ಸರಿಯಾಗಿ ಈ ಮೂತಿ ಮೇಲೆ ಗುಡ್ಡೆ ಆಯ್ತು ಕಣೆ. ಆಗ್ಲೆ ನೀನು ಓಯ್ತು ಅಂದೆ. ಬಿಸ್ಲು ಆ ಕಡಿಕ್ ಜರುಗ್ತು, ನೀನು ಬಂತು ಅಂದೆ."

ಆಮೇಲೆ ಅವರೇ ಬಿಡಿಸಿ ಹೇಳಿದರು. ತಟ್ಟೆ ನೋಡುವುದು ಆಗ್ನೇಯಕ್ಕೆ, ಮೇಲೆ, ಸ್ಯಾಟಲೈಟ್ ಇರುವ ಕಡೆಗೆ. ವರ್ಷದಲ್ಲಿ ಎರಡು ಸಲ, ಕೆಲವೇ ದಿನ, ಸೂರ್ಯ ಸರಿಯಾಗಿ ಆ ಸ್ಯಾಟಲೈಟಿನ ಹಿಂದೆ ಬಂದು ನಿಲ್ಲುತ್ತಾನೆ. ಬೀದಿಯಲ್ಲಿ ತಮಟೆ ಹೊಡೆಯುವಾಗ ಫೋನಿನಲ್ಲಿ ಮಾತು ಕೇಳಿಸದ ಹಾಗೆ, ಅವನ ಅಬ್ಬರದಲ್ಲಿ ಸಿಗ್ನಲ್ ಮುಳುಗಿಹೋಗುತ್ತದೆ. ಸಂಜೆ ಕಾಲೇಜಿನಿಂದ ಬಂದ ಮಧುಶ್ರೀ ತನ್ನ ಫೋನಿನಲ್ಲಿ ಹುಡುಕಿದಳು. "ಅಪ್ಪ ಹೇಳಿದ್ದೇ ಸರಿ, ಮಾರ್ಚ್ ಒಂದ್ಸಲ, ಸೆಪ್ಟೆಂಬರ್ ಒಂದ್ಸಲ ಅಂತ ಬರೆದಿದ್ದಾರೆ," ಎಂದಳು. ಇವರ ಖುಷಿ ಹೇಳತೀರದು. ನನಗೂ ಎದೆಯ ಮೇಲಿನ ಕಲ್ಲು ಇಳಿಯಿತು. ಇನ್ನು ಆಣೆ ಎಲ್ಲಿಯದು, ಸೂರ್ಯನನ್ನೇ ತೋರಿಸಿ ಬಂದರಾಯಿತು ಎಂದುಕೊಂಡೆ.

ಆ ನೆಮ್ಮದಿ ಒಂದೇ ದಿನ. ಭಾನುವಾರ ಮಧ್ಯಾಹ್ನ ಇವರು ಅಟ್ಟದಿಂದ ಒಂದು ಚೀಲ ಇಳಿಸಿದರು. ಎರಡು ಸಲವೂ ಮನೆ ಮನೆಯಿಂದ ಬಿಚ್ಚಿ ತಂದ ಹಳೆಯ ಎಲ್‌ಎನ್‌ಬಿಗಳು, ಹದಿನಾಲ್ಕು. ಕೆಟ್ಟವು ಎಂದು ಹೇಳಿ ತಂದಿದ್ದವು. ಒಂದೊಂದನ್ನೇ ನಮ್ಮ ಡಿಶ್ಶಿಗೆ ಹಾಕಿ ನೋಡತೊಡಗಿದರು.

"ಬಂತಾ?"

"ಬಂತು."

ಬಿಚ್ಚಿದರು, ಇನ್ನೊಂದು ಹಾಕಿದರು. "ಬಂತಾ?" "ಬಂತು." ಮೂರನೆಯದು. ನಾಲ್ಕನೆಯದು. ಹದಿನಾಲ್ಕಕ್ಕೂ ಬಂತು.  ಒಂದಾದರೂ ಕೆಟ್ಟಿರಲಪ್ಪ ಮಾದಪ್ಪ ಎಂದು ಬೇಡಿಕೊಂಡೆ. ಒಂದೂ ಕೆಟ್ಟಿರಲಿಲ್ಲ.

ಅವರು ಕೆಳಗಿಳಿದು ಚೀಲವನ್ನು ಬಾಗಿಲ ಬಳಿ ಇಟ್ಟು ನನ್ನ ಮುಂದೆ ಕೂತರು. ಮುಖ ಬಾಡಿಹೋಗಿತ್ತು.

"ಒಳ್ಳೇವನ್ನೇ ಕೆಟ್ಟೋಗವೆ ಅಂತ ಬಿಚ್ಕಂಡ್ ಬಂದಿದ್ದೀನಿ. ನಾಳಿಕೆ ಎಲ್ರಿಗೂ ವಾಪಸ್ ಕೊಡ್ತೀನಿ, ಅವ್ರು ಕೊಟ್ಟಿದ್ದ ದುಡ್ಡೂ ಕೊಡ್ತೀನಿ." ಚೀಲದ ಕಡೆ ನೋಡುತ್ತ ಕೇಳಿದರು, "ಆದ್ರೆ ನಮಗೆ ಗೊತ್ತಿರ್ನಿಲ್ಲ ಅಲ್ವಾ ಪವಿತ್ರ? ಗೊತ್ತಿದ್ದೂ ಮಾಡುದ್ರೆ ತಾನೇ ಮೋಸ?"

ಈಗ ಹೇಳು, ಈಗ ಹೇಳು ಎಂದು ನನ್ನ ಮನಸ್ಸು ತಿವಿಯಿತು. ನಾನು ಹೇಳಿದ್ದು, "ನಿಮಗೆಲ್ಲಿ ಗೊತ್ತಿತ್ತು, ಎದ್ದೇಳಿ, ಕಾಪಿ ಕುಡೀರಿ," ಎಂದು. ಅದೂ ಸುಳ್ಳಲ್ಲ. ಅವರಿಗೆ ಗೊತ್ತಿರಲಿಲ್ಲ. ನಾನು ಸುಳ್ಳು ಹೇಳದೆಯೇ ಎಷ್ಟು ದೂರ ಬಂದುಬಿಟ್ಟಿದ್ದೆ ನೋಡಿ.

ಸೋಮವಾರ ಹತ್ತೂವರೆಗೆ ಗುಡಿಯ ಮುಂದೆ ಇವರು ನಮ್ಮ ಡಿಶ್, ನಮ್ಮ ಬಾಕ್ಸ್, ನಮ್ಮ ಟಿವಿ ಎಲ್ಲ ತಂದು ಹೂಡಿದರು. ಜಗಲಿಯ ಮೇಲೆ ಟಿವಿ, ಅಂಗಳದಲ್ಲಿ ತಟ್ಟೆ. ನಲವತ್ತು ಐವತ್ತು ಜನ ಸೇರಿದ್ದರು. ಚನ್ನಾಜಮ್ಮನವರನ್ನು ಕುರ್ಚಿಯಲ್ಲಿ ಕೂರಿಸಿಕೊಂಡು ಬಂದಿದ್ದರು. ಇವರು ಮೀಟರನ್ನು ಕೆಂಪನಂಜಪ್ಪನವರ ಕೈಗೇ ಕೊಟ್ಟು, ತಾವು ಎಲ್ಲರಿಂದ ದೂರ, ಅರಳಿಕಟ್ಟೆಯ ಮೇಲೆ ಕೈಕಟ್ಟಿ ಕೂತರು. "ಹನ್ನೊಂದೂ ಹತ್ತಕ್ಕೆ ಓಯ್ತದೆ. ಹನ್ನೊಂದೂ ಹದಿನೆಂಟಕ್ಕೆ ಬತ್ತದೆ. ಯಾರೂ ಮುಟ್ಬ್ಯಾಡಿ," ಎಂದರು.

ನಾನು ಆಕಾಶ ನೋಡುತ್ತಲೇ ಇದ್ದೆ. ಹೋಗದಿದ್ದರೆ? ಮೋಡ ಬಂದರೆ? ಹನ್ನೊಂದಾಯಿತು, ಐದಾಯಿತು, ಎಂಟಾಯಿತು. ಜನ ಫೋನಿನಲ್ಲಿ ಗಂಟೆ ನೋಡಿಕೊಳ್ಳುತ್ತಿದ್ದರು. ಹತ್ತಕ್ಕೆ ಪರದೆಯ ಮೇಲಿನ ಮುಖ ಚೂರಾಯಿತು, ದನಿ ಕಡಿಯಿತು, ಕಪ್ಪಾಯಿತು. ಒಬ್ಬೊಬ್ಬರಾಗಿ ಬಂದು ಎಲ್‌ಎನ್‌ಬಿಯ ಮೇಲೆ ಬಿದ್ದ ಬಿಸಿಲ ಗುಡ್ಡೆಯನ್ನು ನೋಡಿದರು. ಹನ್ನೊಂದೂ ಹದಿನೇಳಕ್ಕೆ ಚಿತ್ರ ಬಂತು. ಒಂದು ನಿಮಿಷ ತಪ್ಪಿತ್ತು, ಯಾರೂ ಅದನ್ನು ಆಡಲಿಲ್ಲ.

"ನೇಸರನ ಮೇಲೆ ಕೇಸ್ ಆಕಕಾಗಲ್ವಲ್ಲ," ಎಂದು ಯಾರೋ ಅಂದರು. ಜನ ನಕ್ಕರು. ಇವರು ಎದ್ದು ಬಂದು ಚೀಲ ಬಿಚ್ಚಿ, ಹದಿನಾಲ್ಕೂ ಒಳ್ಳೆಯವೇ ಎಂದು ಹೇಳಿ, ಅವರವರದನ್ನು ದುಡ್ಡಿನ ಸಮೇತ ಅವರವರ ಮುಂದೆ ಇಟ್ಟರು. ಜನ ತಲೆದೂಗಿದರು. ಇಲ್ಲಿಗೆ ಮುಗಿಯಿತು ಎಂದು ನಾನು ಸೆರಗಿನಲ್ಲಿ ಮುಖ ಒರೆಸಿಕೊಂಡೆ.

ಕೆಂಪನಂಜಪ್ಪ ಕೆಟ್ಟವರಲ್ಲ, ಆದರೆ ಅರ್ಧಕ್ಕೆ ಬಿಡುವವರೂ ಅಲ್ಲ. "ಕಟ್ ಮಾಡಿಲ್ಲ ಅನ್ನೋದು ಗೊತ್ತಾಯ್ತು. ಒಂದ್ ಮಾತು ಉಳೀತು," ಎಂದರು. "ತಾನೇ ಬತ್ತದೆ ಅಂತ ಗೊತ್ತಿದ್ದೂ ಆಕ್ನಿಲ್ಲ, ಗೊತ್ತಿಲ್ದೇನೆ ಆಕ್ದೆ ಅಂತ ಮಾದಪ್ಪನ ಮುಂದೆ ಏಳ್ಬುಡು. ನಾಳಿಕೆ ಯಾರೂ ಬೆಟ್ಟು ಮಾಡ್ಬಾರ್ದು ನಿನ್ನ. ನಿನ್ ಒಳ್ಳೇದ್ಕೇ ಏಳ್ತಾ ಇದ್ದೀನಿ."

"ಅದ್ಕೇನಂತೆ, ಬನ್ನಿ ತಮ್ಮಡಿಗಳೇ," ಎಂದರು ಇವರು. ಗುಡಿಯ ಪೂಜೆ ಮಾಡುವ ತಮ್ಮಡಿ ಆರತಿ ತಟ್ಟೆಯಲ್ಲಿ ಕರ್ಪೂರ ಹಚ್ಚಿದರು. ಇವರು ಚಪ್ಪಲಿ ಬಿಟ್ಟು, ಟವೆಲ್ ಸೊಂಟಕ್ಕೆ ಕಟ್ಟಿ, ಬಲಗೈ ಚಾಚಿ, ನನ್ನ ಕಡೆ ತಿರುಗಿ ನೋಡಿದರು. ಎಷ್ಟು ದಿನವಾಗಿತ್ತೋ ಅವರ ಮುಖ ಅಷ್ಟು ತಿಳಿಯಾಗಿ ಕಂಡು.

ನಾನು 'ಮನೆಯವಳು'. ಹೋಗಿ ಅವರ ಮುಂಗೈ ಮುಟ್ಟಿದೆ. ಇವರು ಶುರುಮಾಡಿದರು. "ಮಾದಪ್ಪ, ತಾನೇ ಬತ್ತದೆ ಅಂತ ನಾನಾಗ್ಲಿ, ನನ್ನ ಮನೆಯವರಾಗ್ಲಿ..."

ಕೈ ತೆಗೆದುಬಿಟ್ಟೆ.

"ನಂಗೆ ಗೊತ್ತಿತ್ತು," ಎಂದೆ. ನನ್ನ ದನಿ ನಿಮಗೆ ಗೊತ್ತಲ್ಲ, ಗುಡಿಯ ಹಿಂದೆ ನಿಂತವರಿಗೂ ಕೇಳಿಸಿತು. "ಅವ್ರಿಗೆ ಗೊತ್ತಿರ್ನಿಲ್ಲ. ದಸರೇಲಿ ಇವ್ರು ನಟ್ಟು ಮುಟ್ಟೋಕ್ ಮುಂಚೆನೇ ಬಂತು. ನಾನು ನೋಡ್ದೆ. ಕೂಗ್ನಿಲ್ಲ. ಎರಡ್ ಮನೇಲಿ."

 ಕರ್ಪೂರ ತಾನಾಗಿ ಉರಿದು ಮುಗಿಯಿತು. ಚನ್ನಾಜಮ್ಮ ಕುರ್ಚಿಯಿಂದಲೇ, "ಯಾಕವ್ವ ಕೂಗ್ನಿಲ್ಲ?" ಎಂದು ಕೇಳಿದರು. ಬೈಯುವ ದನಿಯಲ್ಲ, ನಿಜವಾಗಿ ತಿಳಿದುಕೊಳ್ಳಲು ಕೇಳಿದ್ದು. ಇಸ್ತ್ರಿ ಅಂಗಿಯ ವಿಷಯ ಅಷ್ಟು ಜನರ ಮುಂದೆ ಹೇಗೆ ಹೇಳಲಿ? "ತಪ್ಪಾಯ್ತು ಕಣವ್ವ," ಎಂದಷ್ಟೇ ಅಂದೆ. ಕೆಂಪನಂಜಪ್ಪ ಒಮ್ಮೆ ಕೆಮ್ಮಿ, "ಗುರುಪಾದುಂದು ಏನೂ ತಪ್ಪಿಲ್ಲ ಅಂತ ಎಲ್ರೂ ಕೇಳುದ್ರಿ, ಅಲ್ವಾ? ನಡೀರಿ," ಎಂದು ಜನರನ್ನು ಎಬ್ಬಿಸಿದರು. ಇವರು ನನ್ನ ಕಡೆ ನೋಡದೆ ವೈರು ಸುತ್ತತೊಡಗಿದರು.

ಟಿವಿಯನ್ನು ಮಡಿಲಲ್ಲಿಟ್ಟುಕೊಂಡು ಬೈಕಿನ ಹಿಂದೆ ಕೂತೆ. ಮನೆಯ ಮುಂದೆ ನಿಲ್ಲಿಸಿದ ಮೇಲೆ ಅವರು ಇಳಿಯಲಿಲ್ಲ. ಮುಂದೆ ನೋಡುತ್ತಲೇ ಕೇಳಿದರು.

"ಬ್ಯಾರೆವು?"

"ಯಾವ್ವು?"

"ಇಷ್ಟು ವರ್ಸ ನೀನು ಬಂತು ಅಂದಿದ್ದೆಲ್ಲ."

"ಎಲ್ಲಾನೂ ನಿಜ್ವಾಗ್ಲೂ ಬಂದಿದ್ವು ಕಣ್ರಿ. ಮಧು ಆಣೆ."

"ಊಂ," ಎಂದರು.

ಈಗ ಇವರಿಗೆ ಕೆಲಸ ಮೊದಲಿಗಿಂತ ಜಾಸ್ತಿ. ಸೂರ್ಯನನ್ನು ಹಿಡಿದುಕೊಟ್ಟವನು ಎಂದು ಒಡೆಯರಪಾಳ್ಯದಿಂದಲೂ ಫೋನ್ ಮಾಡುತ್ತಾರೆ. ಮನೆ ಮನೆಯಲ್ಲೂ ಕರೆದು ಕೂರಿಸುತ್ತಾರೆ. ನನ್ನನ್ನೂ ಜನ ಏನೂ ಅನ್ನಲಿಲ್ಲ, ಇವರೂ ಒಂದು ದಿನ ಬೈಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ. ಮಧುಶ್ರೀಗೆ ಹೇಳಿ ವಿಡಿಯೊ ಕಾಲ್ ಮಾಡುವುದನ್ನು ಕಲಿತುಕೊಂಡಿದ್ದಾರೆ. ಹೋದ ಮನೆಯವರ ಫೋನನ್ನು ಟಿವಿಯ ಮುಂದೆ ಲೋಟಕ್ಕೆ ಒರಗಿಸಿ, ತಮ್ಮ ಫೋನ್ ಹಿಡಿದು ಏಣಿ ಹತ್ತುತ್ತಾರೆ, ಚಿತ್ರ ಬಂತೇ ಎಂದು ಮೇಲಿಂದ ತಾವೇ ನೋಡಿಕೊಳ್ಳುತ್ತಾರೆ. ನನ್ನನ್ನು ಇವತ್ತಿಗೂ ಬೈಕಿನಲ್ಲಿ ಕರೆದುಕೊಂಡೇ ಹೋಗುತ್ತಾರೆ. ನಾನು ಕೆಳಗೆ ನಿಂತು ಏಣಿ ಹಿಡಿದುಕೊಂಡಿರುತ್ತೇನೆ.